ಜಲಜನಕಾಹಾರಿ ಸೂಕ್ಷ್ಮಜೀವಿಗಳ ಬೆಳವಣಿಗೆಯ ಗಣಿತ: ಒಂದು ವಿಮರ್ಶೆ

ಚರಿತ್ರೆಯ ಅಧ್ಯಾಪಕನೊಬ್ಬನು ಸೂಕ್ಷ್ಮಜೀವಿಶಾಸ್ತ್ರದ ಸಮೀಕರಣವೊಂದನ್ನು ವಿಮರ್ಶೆಗೆ ಎತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ವಿಜ್ಞಾನ ವಿಭಾಗದ ಮಿತ್ರರಿಗೆ ತೋರಬಹುದು. ಆ ಆಕ್ಷೇಪಣೆಯನ್ನು ತಲೆಬಾಗಿ ಒಪ್ಪಿಕೊಂಡೇ ಪ್ರಾರಂಭಿಸುತ್ತೇನೆ. ಈ ಲೇಖನಕ್ಕೆ ಕಾರಣನಾದವನು ನಂಜನಗೂಡು ತಾಲ್ಲೂಕಿನ ಬದನವಾಳಿನ ಕಡೆಯಿಂದ ಕಾಲೇಜಿಗೆ ಬರುತ್ತಿದ್ದ ಒಬ್ಬ ವಿದ್ಯಾರ್ಥಿ. ಆಧಾರಗಳ ವಿಮರ್ಶೆಯನ್ನು ಕುರಿತು ಪಾಠ ಮಾಡುತ್ತಿದ್ದಾಗ ಅವನು ಎದ್ದು, “ಸಾರ್, ಬತ್ತದ ಗದ್ದೆಯಿಂದ ಲೋಕವೆಲ್ಲ ಬಿಸಿಯಾಗುತ್ತದೆಂದು ಪುಸ್ತಕದಲ್ಲಿದೆ. ಅದನ್ನು ಅಳೆದವರು ಯಾರು? ನಮ್ಮ ಗದ್ದೆಗೆ ಯಾರೂ ಬಂದಿಲ್ಲವಲ್ಲ?” ಎಂದು ಕೇಳಿದನು. ಯಾರು, ಎಲ್ಲಿ, ಯಾವಾಗ ಎಂದು ಕೇಳಬೇಕೆಂಬುದನ್ನು ಅವನಿಗೆ ಕಲಿಸಿದವನು ನಾನೇ. ಶಾಸನದ ಮುಂದೆ ಕೇಳತಕ್ಕ ಪ್ರಶ್ನೆಯನ್ನು ಸಮೀಕರಣದ ಮುಂದೆ ಕೇಳಬಾರದೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮೊದಲು ವಿಷಯದ ಪರಿಚಯ. ಪ್ರಾಣಿಗಳು ಉಸಿರಾಡುವುದೆಂದರೆ ಆಹಾರದಿಂದ ಬಂದ ಎಲೆಕ್ಟ್ರಾನುಗಳನ್ನು ಕಟ್ಟಕಡೆಗೆ ಆಮ್ಲಜನಕಕ್ಕೆ ಒಪ್ಪಿಸಿ, ನಡುವೆ ದೊರೆಯುವ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುವುದು. ಆಮ್ಲಜನಕವಿಲ್ಲದ ಕೆಸರಿನಲ್ಲಿ, ಸಗಣಿಯ ಗುಂಡಿಯಲ್ಲಿ, ದನದ ಹೊಟ್ಟೆಯಲ್ಲಿ ಇದೇ ಕಾರ್ಯವನ್ನು ಬೇರೆ ಪದಾರ್ಥಗಳ ನೆರವಿನಿಂದ ನಡೆಸುವ ಸೂಕ್ಷ್ಮಜೀವಿಗಳಿವೆ. ಅವುಗಳಲ್ಲೊಂದು ವರ್ಗಕ್ಕೆ ಜಲಜನಕವೇ ಆಹಾರ. ಕೆಲವು ಅದರ ಎಲೆಕ್ಟ್ರಾನುಗಳನ್ನು ಸಲ್ಫೇಟಿಗೆ ಒಪ್ಪಿಸಿ ಕೊಳೆತ ಮೊಟ್ಟೆಯ ವಾಸನೆಯ ಅನಿಲವನ್ನು ಬಿಡುತ್ತವೆ. ಕೆಲವು ನೈಟ್ರೇಟಿಗೆ, ಕೆಲವು ತುಕ್ಕುರೂಪದ ಕಬ್ಬಿಣಕ್ಕೆ ಒಪ್ಪಿಸುತ್ತವೆ. ಕೆಲವು ಇಂಗಾಲದ ಡೈಆಕ್ಸೈಡಿಗೆ ಒಪ್ಪಿಸಿ ಮೀಥೇನನ್ನು ಹುಟ್ಟಿಸುತ್ತವೆ. ಜಲಜನಕವೂ ಇಂಗಾಲದ ಡೈಆಕ್ಸೈಡೂ ಕೂಡಿ ಮೀಥೇನಾಗುವುದನ್ನು 1906ರಲ್ಲಿಯೇ ಹಾಲೆಂಡಿನ ಸ್ಯೋನ್ಗೆನ್ ತೋರಿಸಿಕೊಟ್ಟಿದ್ದರು. ಮೀಥೇನ್‌ಜನಕಗಳನ್ನು ಬ್ಯಾಕ್ಟೀರಿಯಗಳೆಂದು ಕರೆಯುವ ರೂಢಿ ಬಹುಕಾಲ ನಡೆದುಬಂದಿತು. 1977ರಲ್ಲಿ ವೋಸ್ ಮತ್ತು ಫಾಕ್ಸ್ ಅವು ಬೇರೆಯೇ ಒಂದು ಕುಲವೆಂದು ತೋರಿಸಿದ ಮೇಲೆ ಅವುಗಳಿಗೆ ಆರ್ಕಿಯ ಎಂಬ ಹೆಸರು ನಿಂತಿದೆ. ಹಳೆಯ ಪುಸ್ತಕಗಳನ್ನು ಓದುವ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಬೇಕು.

ಈ ಜೀವಿಗಳ ಲೆಕ್ಕದಲ್ಲಿ ಮೊದಲ ತೊಡಕು ಆಹಾರದ್ದೇ ಆಗಿದೆ. ಗೋಬರ್ ಗ್ಯಾಸನ್ನು ವಿಶ್ಲೇಷಿಸಿದರೆ ಅರ್ಧಕ್ಕೆ ಮಿಕ್ಕು ಮೀಥೇನ್, ಉಳಿದುದರಲ್ಲಿ ಬಹುಭಾಗ ಇಂಗಾಲದ ಡೈಆಕ್ಸೈಡ್ ಸಿಕ್ಕುತ್ತದೆ. ಜಲಜನಕ ಹೆಸರಿಗೆ ಮಾತ್ರ. ಹಾಗೆಂದು ಗುಂಡಿಯಲ್ಲಿ ಜಲಜನಕ ಹುಟ್ಟುತ್ತಿಲ್ಲವೆಂದಲ್ಲ. ಹುಟ್ಟಿದುದೆಲ್ಲವೂ ಆ ಕ್ಷಣವೇ ತಿನ್ನಲ್ಪಡುತ್ತಿದೆ.

ಇದನ್ನು ವಿದ್ಯಾರ್ಥಿಗಳಿಗೆ ತಿಳಿಸಲು ಬದನವಾಳಿನಿಂದಲೇ ಒಂದು ಹೋಲಿಕೆಯನ್ನು ತೆಗೆದುಕೊಂಡೆ. 1927ರಲ್ಲಿ ಪ್ರಾರಂಭವಾದ ಅಲ್ಲಿನ ಖಾದಿ ಕೇಂದ್ರದ ಹೆಸರು ಗಾಂಧೀಜಿಯವರ ಭೇಟಿಯಿಂದಲೂ, 2015ರಲ್ಲಿ ಪ್ರಸನ್ನ ಅವರು ನಡೆಸಿದ ಸತ್ಯಾಗ್ರಹದಿಂದಲೂ ನಾಡಿಗೆಲ್ಲ ತಿಳಿದಿದೆ. ಅಂಥ ಯಾವುದಾದರೊಂದು ಕೇಂದ್ರದ ದಾಸ್ತಾನು ಪುಸ್ತಕವನ್ನು ಊಹಿಸಿಕೊಳ್ಳೋಣ. ನೂಲುವ ಹೆಂಗಸರು ಹಂಜಿಯನ್ನು ಕೊಂಡೊಯ್ದು ನೂಲಿನ ಲಡಿಗಳನ್ನು ತಂದೊಪ್ಪಿಸುತ್ತಾರೆ. ನೇಕಾರರು ಅದೇ ದಿನ ಲಡಿಗಳನ್ನು ಮಗ್ಗಕ್ಕೆ ಒಯ್ಯುತ್ತಾರೆ. ಸಂಜೆ ಉಗ್ರಾಣದಲ್ಲಿ ಉಳಿಯುವ ನೂಲು ನಾಲ್ಕೇ ಲಡಿ. ಬರಿಯ ಸಂಜೆಯ ಶಿಲ್ಕನ್ನು ನೋಡಿದ ಪರೀಕ್ಷಕನು “ಇಲ್ಲಿ ನೂಲುವವರೇ ಇಲ್ಲ” ಎಂದು ವರದಿ ಬರೆದರೆ ಎಂಥ ಅವಿವೇಕ! ನೂಲು ಕಡಮೆ ಉಳಿದುದಕ್ಕೆ ನೇಕಾರರ ಚಟುವಟಿಕೆಯೇ ಕಾರಣ. ನೇಕಾರರು ನಾಲ್ಕು ದಿನ ಕೈಕಟ್ಟಿ ಕುಳಿತರೆ ಉಗ್ರಾಣ ತುಂಬುತ್ತದೆ. ಉಗ್ರಾಣ ತುಂಬಿದರೆ ಹೊಸ ಹಂಜಿಯನ್ನು ಕೊಡುವುದು ನಿಲ್ಲುತ್ತದೆ. ಆಗ ನೂಲುವವರ ಕೈಯೂ ನಿಲ್ಲುತ್ತದೆ. ಸಗಣಿಯ ಗುಂಡಿಯಲ್ಲಿ ನಡೆಯುವುದು ಅಕ್ಷರಶಃ ಇದೇ. ಕೊಬ್ಬಿನ ಆಮ್ಲಗಳನ್ನು ಒಡೆದು ಜಲಜನಕವನ್ನು ಬಿಡುವ ಬ್ಯಾಕ್ಟೀರಿಯಗಳು ನೂಲುವವರು, ಜಲಜನಕವನ್ನು ತಿನ್ನುವವು ನೇಕಾರರು. ಜಲಜನಕ ಶೇಖರವಾದೊಡನೆ ಮೊದಲಿನವರ ಕೆಲಸ ಶಕ್ತಿಯ ದೃಷ್ಟಿಯಿಂದ ಅಸಾಧ್ಯವಾಗಿ, ಗುಂಡಿ ಹುಳಿಯಾಗುತ್ತದೆ.

ಹೋಲಿಕೆಯನ್ನು ಇಷ್ಟು ಎಳೆದುದಕ್ಕೆ ಕಾರಣವಿದೆ. ನಾವು ಅಳೆಯಬಲ್ಲ ಜಲಜನಕದ ಪ್ರಮಾಣ ಶಿಲ್ಕು. ನಮಗೆ ಬೇಕಾದುದು ವಹಿವಾಟು. ಶಿಲ್ಕಿನಿಂದ ವಹಿವಾಟನ್ನು ಊಹಿಸುವ ಸಾಧನವೇ ಬೆಳವಣಿಗೆಯ ಗಣಿತ. ಆದಕಾರಣ ಆ ಗಣಿತದ ಆಕಾರದಲ್ಲಿ ದೋಷವಿದ್ದರೆ ಅದು ನೇರವಾಗಿ ತೀರ್ಮಾನಕ್ಕೆ ಇಳಿಯುತ್ತದೆ.

ಆ ಗಣಿತದ ಮೂಲಪುರುಷ ಫ್ರಾನ್ಸಿನ ಜಾಕ್ ಮೊನೋ. 1942ರ ತಮ್ಮ ಮಹಾಪ್ರಬಂಧದಲ್ಲಿಯೂ, 1949ರಲ್ಲಿ ಪ್ರಕಟಿಸಿದ ಸಮೀಕ್ಷಾಲೇಖನದಲ್ಲಿಯೂ ಅವರು ಮಂಡಿಸಿದ ಸಂಬಂಧವನ್ನು ಮಾತಿನಲ್ಲಿ ಹೀಗೆ ಹೇಳಬಹುದು: ಬೆಳವಣಿಗೆಯ ವೇಗವೆಂದರೆ ಪರಮಾವಧಿ ವೇಗವನ್ನು ಒಂದು ಭಿನ್ನರಾಶಿಯಿಂದ ಗುಣಿಸಿದುದು, ಆ ಭಿನ್ನರಾಶಿಯ ಮೇಲೆ ಆಹಾರದ ಸಾಂದ್ರತೆ, ಕೆಳಗೆ ಅದೇ ಸಾಂದ್ರತೆಯೂ ಒಂದು ಸ್ಥಿರಾಂಕವೂ ಸೇರಿದ ಮೊತ್ತ. ಆಹಾರ ಸ್ಥಿರಾಂಕಕ್ಕೆ ಸಮನಾಗಿದ್ದಾಗ ವೇಗ ಅರ್ಧ. ಆಹಾರ ಹೇರಳವಾದಾಗ ವೇಗ ತನ್ನ ಪರಮಾವಧಿಯನ್ನು ಸಮೀಪಿಸುತ್ತದೆ. ಮೊನೋ ಬಹುಮಟ್ಟಿಗೆ ಪರೀಕ್ಷಿಸಿದುದು ಸಕ್ಕರೆಯನ್ನು ತಿಂದು ಗಾಳಿಯಲ್ಲಿ ಬೆಳೆಯುವ ಕರುಳಿನ ಬ್ಯಾಕ್ಟೀರಿಯವನ್ನು. ಬೇರೆ ಸಮೀಕರಣಗಳೂ ಈ ಅಂಕಿಗಳಿಗೆ ಹೊಂದಿಯಾವೆಂದು ಅವರೇ ಒಪ್ಪಿಕೊಂಡು, ಅನುಕೂಲವೂ ಯುಕ್ತವೂ ಎಂಬ ಕಾರಣದಿಂದ ಇದನ್ನು ಆರಿಸಿಕೊಂಡರೆಂಬುದು ಗಮನಾರ್ಹ. ಗುರುಗಳು ಇಟ್ಟುಕೊಂಡಿದ್ದ ಈ ಸಂಕೋಚವನ್ನು ಶಿಷ್ಯಪರಂಪರೆ ಮರೆಯಿತು. ಅನುಕೂಲಕ್ಕಾಗಿ ಹಿಡಿದ ವಕ್ರರೇಖೆ ಕ್ರಮೇಣ ನಿಯಮವೆನಿಸಿಕೊಂಡಿತು. ಚರಿತ್ರೆಯಲ್ಲಿ ನಾವು ದಿನವೂ ಕಾಣುವ ಸಂಗತಿ ಇದು: ಮೊದಲ ಸಂಪಾದಕನು “ಬಹುಶಃ” ಎಂದು ಬರೆದುದು ಮೂರನೆಯ ಪಠ್ಯಪುಸ್ತಕದಲ್ಲಿ “ನಿಸ್ಸಂದೇಹವಾಗಿ” ಎಂದಾಗಿರುತ್ತದೆ.

ಸಕ್ಕರೆ ತಿನ್ನುವ ಜೀವಿಗೆ ಈ ರೇಖೆ ಚೆನ್ನಾಗಿ ಒಪ್ಪುತ್ತದೆ. ಏಕೆಂದರೆ ಆ ಜೀವಿಗೆ ಶಕ್ತಿಯ ಬಡತನವಿಲ್ಲ. ಜಲಜನಕಾಹಾರಿಯ ಪಾಡು ಬೇರೆ. 4 ಅಣು ಜಲಜನಕವೂ 1 ಅಣು ಇಂಗಾಲದ ಡೈಆಕ್ಸೈಡೂ ಸೇರಿ 1 ಅಣು ಮೀಥೇನೂ 2 ಅಣು ನೀರೂ ಆಗುತ್ತವೆ. ಅನಿಲಗಳೆಲ್ಲ ಒಂದು ವಾಯುಮಂಡಲದ ಒತ್ತಡದಲ್ಲಿದ್ದರೆ ಇದರಿಂದ ಮೀಥೇನಿನ ಒಂದು ಮೋಲಿಗೆ ಸುಮಾರು 131 ಕಿಲೋಜೂಲ್ ಮುಕ್ತಶಕ್ತಿ ದೊರೆಯುತ್ತದೆ. ಪುಸ್ತಕಗಳ ಕೋಷ್ಟಕಗಳಲ್ಲಿ ಅಚ್ಚಾಗುವುದು ಈ ಅಂಕಿ. ಆದರೆ ಕೆಸರಿನಲ್ಲಿ ಜಲಜನಕ ಆ ಒತ್ತಡದಲ್ಲಿ ಎಂದೂ ಇರುವುದಿಲ್ಲ. ನಾಲ್ಕು ಅಣುಗಳು ಬೇಕಾಗಿರುವುದರಿಂದ ಜಲಜನಕದ ಒತ್ತಡ ಹತ್ತರಲ್ಲೊಂದು ಪಾಲಿಗೆ ಇಳಿದಾಗಲೆಲ್ಲ ಸುಮಾರು 23 ಕಿಲೋಜೂಲ್ ಕಳೆದುಹೋಗುತ್ತದೆ. ಒಂದು ವಾಯುಮಂಡಲವೆಂದರೆ ಸುಮಾರು ಒಂದು ಲಕ್ಷ ಪ್ಯಾಸ್ಕಲ್. ಜಲಜನಕ 10 ಪ್ಯಾಸ್ಕಲಿಗೆ ಇಳಿದು, ಉಳಿದೆರಡು ಅನಿಲಗಳು ಸಮವಾಗಿದ್ದರೆ ಉಳಿಯುವ ಶಕ್ತಿ ಸುಮಾರು 40 ಕಿಲೋಜೂಲ್. 1 ಪ್ಯಾಸ್ಕಲಿಗೆ ಇಳಿದರೆ ಸುಮಾರು 17. ಜೀವಕೋಶವು ಶಕ್ತಿಯನ್ನು ಹಿಡಿದಿಡಲು ಬೇಕಾದ ಕನಿಷ್ಠ ಪ್ರಮಾಣ ಸುಮಾರು 20 ಕಿಲೋಜೂಲ್ ಎಂದು ಬರ್ನ್‌ಹಾರ್ಡ್ ಶಿಂಕ್ 1997ರಲ್ಲಿ ಅಂದಾಜು ಮಾಡಿದರು. ಅಂದಮೇಲೆ ಮೀಥೇನ್‌ಜನಕದ ಪಾಲಿಗೆ 1 ಪ್ಯಾಸ್ಕಲಿನಷ್ಟು ಜಲಜನಕ ಇದ್ದೂ ಇಲ್ಲದಂತೆ.

ಪ್ರಯೋಗವೂ ಇದನ್ನೇ ನುಡಿಯುತ್ತದೆ. 1988ರಲ್ಲಿ ಕಾರ್ಡ್-ರುವಿಶ್, ಸೈಟ್ಸ್ ಮತ್ತು ಕಾನ್ರಾಡ್ ವಿವಿಧ ಜಲಜನಕಾಹಾರಿಗಳನ್ನು ಮುಚ್ಚಿದ ಪಾತ್ರೆಗಳಲ್ಲಿಟ್ಟು, ಅವು ತಿನ್ನುವುದನ್ನು ನಿಲ್ಲಿಸಿದಾಗ ಎಷ್ಟು ಜಲಜನಕ ಉಳಿದಿರುತ್ತದೆಂದು ನೋಡಿದರು. ಮೀಥೇನ್‌ಜನಕಗಳು ಸುಮಾರು 3ರಿಂದ 10 ಪ್ಯಾಸ್ಕಲಿನಲ್ಲಿಯೂ, ಸಲ್ಫೇಟನ್ನು ಬಳಸುವವು ಸುಮಾರು 1 ಪ್ಯಾಸ್ಕಲಿನಲ್ಲಿಯೂ ನಿಂತವು. ಅಸಿಟೇಟನ್ನು ತಯಾರಿಸುವವು ಇನ್ನೂ ಎಷ್ಟೋ ಮೇಲೆಯೇ ಕೈಬಿಟ್ಟವು. ಎಲೆಕ್ಟ್ರಾನನ್ನು ಪಡೆಯುವ ಪದಾರ್ಥ ಎಷ್ಟು ಹೆಚ್ಚು ಶಕ್ತಿ ಕೊಡುತ್ತದೆಯೋ ಅಷ್ಟು ಕೆಳಗಿನ ಹೊಸ್ತಿಲು. ಮೊನೋ ಸಮೀಕರಣಕ್ಕೆ ಹೊಸ್ತಿಲೆಂಬುದೇ ಇಲ್ಲ. ಆಹಾರ ಸ್ಥಿರಾಂಕದ ನೂರರಲ್ಲೊಂದು ಪಾಲಿದ್ದರೂ ಅದು ಪರಮಾವಧಿಯ ನೂರೊಂದನೆಯ ಭಾಗದಷ್ಟು ವೇಗವನ್ನು ಕೊಟ್ಟೇ ತೀರುತ್ತದೆ. ಶೂನ್ಯಕ್ಕೆ ಎಂದೂ ಬರುವುದಿಲ್ಲ.

ಇಲ್ಲಿ ಪ್ರತಿವಾದಿಗಳು ಒಂದು ಸಮಾಧಾನವನ್ನು ಹೇಳುತ್ತಾರೆ. ಸಾವಿಗೂ ನಿರ್ವಹಣೆಗೂ ಒಂದು ಸ್ಥಿರಾಂಕವನ್ನು ಕಳೆದುಬಿಟ್ಟರೆ ಬೆಳವಣಿಗೆ ಒಂದು ಹಂತದಲ್ಲಿ ಶೂನ್ಯವಾಗುವುದಿಲ್ಲವೇ ಎನ್ನುತ್ತಾರೆ. ಆಗುತ್ತದೆ. ಆದರೆ ನಿಂತದ್ದು ಬೆಳವಣಿಗೆ ಮಾತ್ರ; ತಿನ್ನುವ ಕಾರ್ಯ ಆ ಸಮೀಕರಣದಲ್ಲಿ ಕಡೆಯ ಅಣುವಿನವರೆಗೂ ನಡೆಯುತ್ತಲೇ ಇರುತ್ತದೆ. ಪಾತ್ರೆಯಲ್ಲಿ ನಿಂತದ್ದಾದರೋ ತಿನ್ನುವ ಕಾರ್ಯವೇ. ಈ ಎರಡು ನಿಲುಗಡೆಗಳನ್ನು ಒಂದೆಂದು ಭಾವಿಸುವುದು ತರವಲ್ಲ.

ಇಳುವರಿಯ ವಿಷಯದಲ್ಲಿಯೂ ಇಂಥದೇ ಒಂದು ಮಾತಿದೆ. ತಿಂದ ಆಹಾರಕ್ಕೂ ಬೆಳೆದ ಜೀವರಾಶಿಗೂ ಇರುವ ಪ್ರಮಾಣ ಬದಲಾಗದೆಂದು ಮಾದರಿಗಳು ಸಾಮಾನ್ಯವಾಗಿ ಹಿಡಿಯುತ್ತವೆ. ಶೋನ್‌ಹೈಟ್, ಮೋಲ್ ಮತ್ತು ಥೌವರ್ 1980ರಲ್ಲಿ ಒಂದು ಮೀಥೇನ್‌ಜನಕವನ್ನು ಪರೀಕ್ಷಿಸಿದಾಗ, ಜಲಜನಕ ವಿರಳವಾದಾಗ ಅದೇ ಜೀವಿ ಪ್ರತಿ ಮೋಲ್ ಮೀಥೇನಿಗೆ ಹೆಚ್ಚು ಬೆಳೆದುದನ್ನು ಕಂಡರು. ಬಡವನು ಮಿತವ್ಯಯಿ. ಇದಕ್ಕಿಂತ ಹೆಚ್ಚಿಗೆ ಇಲ್ಲಿ ಹೇಳಬೇಕಾಗಿಲ್ಲ.

ನನ್ನ ಮನಸ್ಸನ್ನು ಹೆಚ್ಚು ಸೆಳೆದುದು ಬೇರೊಂದು ಪ್ರಕರಣ. ಅದು ನೇರವಾಗಿ ಚರಿತ್ರಕಾರನ ಕ್ಷೇತ್ರಕ್ಕೆ ಸೇರಿದುದು. ಮೀಥೇನ್‌ಜನಕಗಳ ಅಧ್ಯಯನದಲ್ಲಿ ಬಹುಕಾಲ ಪ್ರಮಾಣವಾಗಿ ನಿಂತಿದ್ದುದು ರಷ್ಯದ ವಿಜ್ಞಾನಿ ಒಮೆಲ್ಯಾನ್‌ಸ್ಕಿಯ ಹೆಸರನ್ನು ಹೊತ್ತ ಒಂದು ಸಂವರ್ಧನೆ. 1930–40ರ ದಶಕಗಳಲ್ಲಿ ಅಮೆರಿಕದ ಬಾರ್ಕರ್ ಅದನ್ನು ಬೇರ್ಪಡಿಸಿ ವರ್ಣಿಸಿದರು. ಮದ್ಯಸಾರವನ್ನು ತಿಂದು ಅಸಿಟೇಟನ್ನೂ ಮೀಥೇನನ್ನೂ ಕೊಡುವ ಒಂದೇ ಜೀವಿಯೆಂದು ಅದು ಪ್ರಸಿದ್ಧವಾಯಿತು. ಅದರ ಮೇಲೆ ಪ್ರಯೋಗಗಳು ನಡೆದುವು, ಜೀವರಾಸಾಯನಿಕ ಮಾರ್ಗಗಳು ರೂಪುಗೊಂಡುವು. 1967ರಲ್ಲಿ ಬ್ರಯಂಟ್, ವೋಲಿನ್ ದಂಪತಿಗಳು ಮತ್ತು ವುಲ್ಫ್ ಅದನ್ನು ಮತ್ತೆ ಶೋಧಿಸಿದಾಗ ಅದು ಒಂದು ಜೀವಿಯೇ ಅಲ್ಲ, ಎರಡು! ಒಂದು ಮದ್ಯಸಾರವನ್ನು ಒಡೆದು ಜಲಜನಕವನ್ನು ಬಿಡುತ್ತದೆ. ಇನ್ನೊಂದು ಆ ಜಲಜನಕವನ್ನು ತಿಂದು ಮೀಥೇನನ್ನು ಬಿಡುತ್ತದೆ. ಎರಡನೆಯದಿಲ್ಲದೆ ಮೊದಲನೆಯದು ಮದ್ಯಸಾರದ ಮೇಲೆ ಸರಿಯಾಗಿ ಬೆಳೆಯಲಾರದು. ಮೊದಲನೆಯದಿಲ್ಲದೆ ಎರಡನೆಯದಕ್ಕೆ ಮದ್ಯಸಾರದಿಂದ ಪ್ರಯೋಜನವೇ ಇಲ್ಲ. ನೂಲುವವಳನ್ನೂ ನೇಕಾರನನ್ನೂ ಒಬ್ಬನೇ ವ್ಯಕ್ತಿಯೆಂದು ಮೂರು ದಶಕಗಳ ಕಾಲ ದಾಖಲೆಯಲ್ಲಿ ಬರೆದುಕೊಂಡು ಬಂದಂತಾಯಿತು.

ಶಾಸನಶಾಸ್ತ್ರದಲ್ಲಿ ಇಬ್ಬರು ಅರಸರು ಒಂದೇ ಹೆಸರಿನಿಂದ ಒಬ್ಬರಾಗಿಬಿಡುವುದು ನಮಗೆ ಹೊಸದಲ್ಲ. ಆದರೆ ಇಲ್ಲಿ ನಾವು ಕೇಳಬೇಕಾದ ಪ್ರಶ್ನೆಯೊಂದಿದೆ. ಆ ಮೂವತ್ತು ವರ್ಷಗಳಲ್ಲಿ ಯಾರಾದರೂ ಆ ಸಂವರ್ಧನೆಗೆ ಬೆಳವಣಿಗೆಯ ರೇಖೆಯನ್ನು ಬರೆದಿದ್ದರೆ ರೇಖೆ ಹೊಂದುತ್ತಿರಲಿಲ್ಲವೇ? ಹೊಂದಿಯೇ ಹೊಂದುತ್ತಿತ್ತು. ಎರಡು ಸ್ಥಿರಾಂಕಗಳಿಗೆ ಸ್ವಾತಂತ್ರ್ಯವಿದ್ದರೆ ಏರಿ ಸಮನಾಗುವ ಯಾವ ಅಂಕಿಗಳಿಗೂ ಅಂಥ ರೇಖೆಯನ್ನು ಹೊಂದಿಸಬಹುದು. ಹೊಂದಿಕೆ ಸತ್ಯಕ್ಕೆ ಸಾಕ್ಷಿಯಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿಯದು.

ಈಚಿನ ವಿದ್ವಾಂಸರು ಈ ದೋಷಗಳನ್ನು ಅರಿಯದವರಲ್ಲ. 2003ರಲ್ಲಿ ಜಿನ್ ಮತ್ತು ಬೆಥ್ಕೆ ಮೊನೋ ಭಿನ್ನರಾಶಿಯನ್ನು ಉಳಿಸಿಕೊಂಡು, ಅದರ ಪಕ್ಕದಲ್ಲಿ ಇನ್ನೊಂದು ಗುಣಕವನ್ನು ನಿಲ್ಲಿಸಿದರು. ದೊರೆಯುವ ಶಕ್ತಿ, ಕೋಶ ಹಿಡಿದಿಡಬೇಕಾದ ಶಕ್ತಿಗಿಂತ ಬಹಳ ಹೆಚ್ಚಾಗಿದ್ದರೆ ಆ ಗುಣಕ ಒಂದು. ಎರಡೂ ಸಮನಾದಾಗ ಅದು ಸೊನ್ನೆ. ಹೀಗೆ ಹೊಸ್ತಿಲು ಸಮೀಕರಣದೊಳಗೆ ತಾನಾಗಿ ಹುಟ್ಟುತ್ತದೆ, ಹೊರಗಿನಿಂದ ಅಂಟಿಸಬೇಕಾದುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇದು ಮೊನೋ ನಂತರದ ನಿಜವಾದ ತಿದ್ದುಪಡಿ. ಕೋಶ ಎಷ್ಟು ಶಕ್ತಿಯನ್ನು ಹಿಡಿದಿಡುತ್ತದೆಂಬುದನ್ನು ಮೊದಲೇ ತಿಳಿದಿರಬೇಕೆಂಬ ಕಷ್ಟ ಇದಕ್ಕಿದೆ, ನಿಜ. ಆದರೂ ಇದರ ಸ್ಥಿರಾಂಕಗಳಿಗೆ ಅರ್ಥವಿದೆ. ಇದಕ್ಕೆ ವಿರುದ್ಧವಾಗಿ, ಅಂತರರಾಷ್ಟ್ರೀಯ ಜಲ ಸಂಘದ ತಜ್ಞರ ಸಮಿತಿ 2002ರಲ್ಲಿ ಪ್ರಕಟಿಸಿದ ನಿರ್ವಾಯು ಜೀರ್ಣಕ್ರಿಯೆಯ ಮಾದರಿ ಇಂದಿಗೂ ಇಂಜಿನಿಯರುಗಳ ಕೈಪಿಡಿಯಾಗಿದೆ. ಜಲಜನಕಾಹಾರಿಗಳಿಗೆ ಅದು ಮೊನೋ ರೂಪವನ್ನೇ ಕೊಟ್ಟು, ಸಲ್ಫೇಟನ್ನು ಬಳಸುವ ಪ್ರತಿಸ್ಪರ್ಧಿಗಳನ್ನು ಮೂಲ ಮಾದರಿಯಿಂದ ಹೊರಗಿಟ್ಟಿದೆ. ಗುಂಡಿಯ ಕಾರ್ಯವನ್ನು ನಡೆಸಲು ಅಷ್ಟು ಸಾಕೆನ್ನುವುದು ಸಮಿತಿಯ ನಿಲುವು. ಸಗಣಿಯ ಗುಂಡಿಗೆ ಅದು ಸಾಕಾಗಬಹುದು ಕೂಡ. ಅದೇ ಆಕಾರವನ್ನು ಗದ್ದೆಗೆ ಒಯ್ದರೆ ಮಾತ್ರ ಸಾಲದು.

ಗುಂಡಿಯ ಮಾತು ಬಂದುದರಿಂದ ನಮ್ಮ ನಾಡಿನಲ್ಲಿ ನಡೆದ ಒಂದು ಒಳ್ಳೆಯ ಕೆಲಸವನ್ನು ಹೇಳಿಬಿಡುತ್ತೇನೆ. ಜಶಭಾಯಿ ಪಟೇಲರು ರೂಪಿಸಿದ, ಮೇಲೆ ತೇಲುವ ಡ್ರಮ್ಮಿನ ಗೋಬರ್ ಗ್ಯಾಸ್ ಸ್ಥಾವರವನ್ನು 1960ರ ದಶಕದ ಆದಿಯಿಂದ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಹಳ್ಳಿಹಳ್ಳಿಗೆ ಒಯ್ದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಬಳಗದವರು ಆ ಸ್ಥಾವರವನ್ನು ಹೊಗಳಲೂ ಇಲ್ಲ, ತೆಗಳಲೂ ಇಲ್ಲ; ಅಳೆದರು. ಅದರ ಉಷ್ಣತೆ, ಅನಿಲದ ಇಳುವರಿ, ಬಗ್ಗಡದ ಸ್ಥಿತಿಗಳನ್ನು ದಾಖಲಿಸಿ, ಅಳೆದ ಇಳುವರಿಯಿಂದಲೇ ಹೊರಟು ಗುಂಡಿಯ ಅಗಲ-ಆಳಗಳನ್ನು ಹೊಸದಾಗಿ ಲೆಕ್ಕಹಾಕಿ 1979ರಲ್ಲಿ ಪ್ರಕಟಿಸಿದರು. ಮುಂದೆ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಸೇರಿದ ಸ್ಥಾವರದಿಂದ 1987ರ ವೇಳೆಗೆ ದೀಪಗಳೂ ಕುಡಿಯುವ ನೀರಿನ ಪಂಪೂ ನಡೆದುವು. ಅವರ ಲೆಕ್ಕದಲ್ಲಿ ಜಲಜನಕಾಹಾರಿಗಳ ಹೆಸರು ಮುಂದೆ ಬರುವುದಿಲ್ಲ. ಆದರೂ ಆ ಊರಿನ ಸಗಣಿ, ಆ ಊರಿನ ಉಷ್ಣತೆ ಆ ಲೆಕ್ಕದೊಳಗೆ ಇವೆ.

ಗದ್ದೆಯ ಕಥೆ ಹೀಗಾಗಲಿಲ್ಲ. ಕಬಿನಿಯ ನಾಲೆಗಳ ನೀರು ಕುಡಿಯುವ ನಂಜನಗೂಡು-ತಿರುಮಕೂಡಲು ನರಸೀಪುರ ಸೀಮೆಯ ಕೆಂಪುಮಣ್ಣಿನ ಗದ್ದೆಯೊಂದನ್ನು ತೆಗೆದುಕೊಳ್ಳಿ. ನೀರು ನಿಂತೊಡನೆ ಮಣ್ಣಿನ ಆಮ್ಲಜನಕ ಬೇಗನೆ ಮುಗಿಯುತ್ತದೆ. ಬಳಿಕ ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣ, ಸಲ್ಫೇಟುಗಳು ಈ ಕ್ರಮದಲ್ಲಿ ಬಳಕೆಯಾಗುತ್ತವೆ. ಮುಳುಗಡೆ ಮಣ್ಣಿನ ಈ ರಸಾಯನವನ್ನು ಸಿಂಹಳದ ಪೊನ್ನಂಪೆರುಮ 1972ರಲ್ಲಿ ಸಮಗ್ರವಾಗಿ ನಿರೂಪಿಸಿದರು. ಕಬ್ಬಿಣವನ್ನು ಬಳಸುವ ಬ್ಯಾಕ್ಟೀರಿಯಗಳು ಕಾರ್ಯನಿರತವಾಗಿರುವವರೆಗೆ ಜಲಜನಕವನ್ನು ಮೀಥೇನ್‌ಜನಕಗಳ ಹೊಸ್ತಿಲಿಗಿಂತ ಕೆಳಕ್ಕೆ ಹಿಡಿದಿಡುತ್ತವೆ. ಗದ್ದೆಯ ಮಣ್ಣಿನಲ್ಲಿ ಈ ಸ್ಪರ್ಧೆಯನ್ನು ಅಖ್ಟ್‌ನಿಖ್, ಬಾಕ್ ಮತ್ತು ಕಾನ್ರಾಡ್ 1995ರಲ್ಲಿ ತೋರಿಸಿದರು. ಹೊಸ್ತಿಲಿಲ್ಲದ ಸಮೀಕರಣಕ್ಕೆ ಈ ಬಾಗಿಲು ಮುಚ್ಚಿರುವುದು ಕಾಣುವುದೇ ಇಲ್ಲ. ನಾಲೆಯ ಸರದಿ ತಪ್ಪಿ, ಇಲ್ಲವೇ ಕಳೆ ಕೀಳಲೆಂದು ನೀರು ಬಿಟ್ಟು ಗದ್ದೆ ಆರಿದರೆ ಕಬ್ಬಿಣ ಮತ್ತೆ ತುಕ್ಕಾಗುತ್ತದೆ. ಬಾಗಿಲು ಮತ್ತೆ ಮುಚ್ಚುತ್ತದೆ.

1990ರಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಭಾರತದ ಬತ್ತದ ಗದ್ದೆಗಳಿಂದ ವರ್ಷಕ್ಕೆ ಸುಮಾರು 38 ದಶಲಕ್ಷ ಟನ್ ಮೀಥೇನ್ ಹೊರಡುತ್ತದೆಂದು ಅಂದಾಜು ಮಾಡಿತು. ಅದರ ಬುಡದಲ್ಲಿದ್ದುದು ಯುರೋಪು-ಅಮೆರಿಕಗಳ ಗದ್ದೆಗಳಲ್ಲಿ ಅಳೆದ ಅಂಕಿಗಳು. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎ. ಪಿ. ಮಿತ್ರ ಅವರ ನೇತೃತ್ವದಲ್ಲಿ 1991ರಲ್ಲಿ ನಮ್ಮ ದೇಶದ ಗದ್ದೆಗಳಲ್ಲಿಯೇ ಅಳತೆ ನಡೆದಾಗ ದೊರೆತುದು ಸುಮಾರು 4 ದಶಲಕ್ಷ ಟನ್. ಒಂಬತ್ತು ಪಾಲಿಗೂ ಮಿಕ್ಕಿದ ವ್ಯತ್ಯಾಸ! ಮೊನೋ ಸಮೀಕರಣದಿಂದ ಆ 38 ಬಂದಿತೆಂದು ನಾನು ಹೇಳುತ್ತಿಲ್ಲ; ಅದು ಇನ್ನೂ ಸರಳವಾದ ಗುಣಾಕಾರದಿಂದ ಬಂದುದು. ಆದರೆ ತಪ್ಪಿನ ಜಾತಿ ಒಂದೇ: ಒಂದೆಡೆಯ ಸ್ಥಿರಾಂಕವನ್ನು ಅದರ ಹುಟ್ಟನ್ನು ಕೇಳದೆ ಇನ್ನೊಂದೆಡೆಗೆ ಒಯ್ಯುವುದು. ಜಗತ್ತಿನ ತಾಪದ ಹೊರೆಯನ್ನು ದೇಶದೇಶಗಳಿಗೆ ಹಂಚುವ ಮಾತುಕತೆ ಆರಂಭವಾಗುತ್ತಿದ್ದ ಸಮಯವದು. ಅನಿಲ್ ಅಗರ್ವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿ ಈ ಬಗೆಯ ಲೆಕ್ಕಗಳನ್ನು ಖಂಡಿಸಿ ಬರೆದರು. ನಾನೂ ಒಮ್ಮೆ ಆ ದೊಡ್ಡ ಅಂಕಿಯನ್ನು ಎಲ್ಲಿಯೋ ಓದಿ ತರಗತಿಯಲ್ಲಿ ಉಚ್ಚರಿಸಿದ್ದೇನೆ. ಆಧಾರವನ್ನು ವಿಚಾರಿಸಿರಲಿಲ್ಲ.

ಈಗಿನ ಸ್ಥಿತಿ ಇದಕ್ಕಿಂತ ಉತ್ತಮ. ಹವಾಮಾನ ಬದಲಾವಣೆಯ ಅಂತರಸರ್ಕಾರಿ ಮಂಡಲಿ 2006ರ ಮಾರ್ಗಸೂಚಿಯಲ್ಲಿ ಸದಾ ನೀರು ನಿಂತ ಗದ್ದೆಗೆ ದಿನಕ್ಕೆ ಹೆಕ್ಟೇರಿಗೆ 1.30 ಕಿಲೋಗ್ರಾಂ ಎಂದು ಇಡೀ ಜಗತ್ತಿಗೆ ಒಂದೇ ಅಂಕಿಯನ್ನು ಕೊಟ್ಟಿತ್ತು. 2019ರ ಪರಿಷ್ಕರಣದಲ್ಲಿ ದಕ್ಷಿಣ ಏಷ್ಯಕ್ಕೆ ಪ್ರತ್ಯೇಕವಾಗಿ 0.85 ಎಂದು ಹೇಳಿದೆ. ಹಲವು ಸಲ ಆರಿಸುವ ಗದ್ದೆಯಾದರೆ ಅದನ್ನು 0.55ರಿಂದ ಗುಣಿಸಬೇಕೆಂದಿದೆ. ಬೇರೆ ಗುಣಕಗಳನ್ನು ಬದಿಗಿಟ್ಟು 120 ದಿನದ ಬೆಳೆಗೆ ಲೆಕ್ಕ ಹಾಕಿದರೆ, ಮೊದಲ ಕ್ರಮದಿಂದ ಹೆಕ್ಟೇರಿಗೆ 156 ಕಿಲೋಗ್ರಾಂ, ಎರಡನೆಯ ಕ್ರಮದಿಂದ 56.

ಗದ್ದೆ ಒಂದೇ, ರೈತನೊಬ್ಬನೇ. ಈ ಎರಡು ಅಂಕಿಗಳನ್ನೂ ಕರಿಹಲಗೆಯ ಮೇಲೆ ಬರೆದು, ನಿಮ್ಮ ಗದ್ದೆಗೆ ಯಾವುದು ಸಲ್ಲುತ್ತದೆಂದು ಆ ವಿದ್ಯಾರ್ಥಿಯನ್ನು ಕೇಳಿದೆ. ನಾಟಿಯಾದ ಮೇಲೆ ಗದ್ದೆ ಎಷ್ಟು ಸಲ ಆರಿತೆಂಬುದನ್ನು ತಿಳಿಯದೆ ಹೇಳಲಾಗದೆಂದು ಅವನು ಉತ್ತರಿಸಿದನು. ಅದು ಯಾರಿಗೆ ಗೊತ್ತೆಂದು ಕೇಳಿದುದಕ್ಕೆ, “ನಮ್ಮ ಅಪ್ಪನಿಗೆ ಗೊತ್ತು ಸಾರ್, ಮೂರು ವರ್ಷದ್ದನ್ನು ಬಾಯಲ್ಲೇ ಹೇಳುತ್ತಾರೆ” ಎಂದನು. ಮುಂದಿನ ವಾರ ಒಂದು ನೋಟು ಪುಸ್ತಕದಲ್ಲಿ ಅದನ್ನು ಬರೆದುಕೊಂಡು ಬಂದನು.